ಆಯಿಲ್ ಫಿಲ್ಟರ್ ಜಪ್ಪಯ್ಯ ಅಂದ್ರೂ ಬಿಚ್ಚವಲ್ದು, ಏನ್ ಮಾಡ್ಲಿ?

ಉಣಕಲ್ ಹುಡುಗ · ರವಿವಾರ, ಮುಂಜಾನೆ 9:50

ಎಲ್ಲಾರಿಗೂ ನಮಸ್ಕಾರ್ರಿ. ಗಾಡಿ 2012ರ ವ್ಯಾಗನ್ ಆರ್, ಪೆಟ್ರೋಲ್. ಈ ಸಲ ಗ್ಯಾರೇಜಿಗೆ ರೊಕ್ಕಾ ಯಾಕ ಕೊಡೂದು, ನಾನಽ ಆಯಿಲ್ ಬದಲಿ ಮಾಡೂಣು ಅಂತ ಮುಂಜಾನೆ ಏಳಕ್ಕ ಗಾಡಿ ಕೆಳಗ ಹೊಕ್ಕೆ. ಡ್ರೇನ್ ಬೋಲ್ಟ್ ಚಲೋತ್ನಾಗ ಬಿಚ್ಚಿತು, ಎಣ್ಣಿ ಪೂರಾ ಇಳದೈತಿ. ಆದ್ರ ಫಿಲ್ಟರ್ ಮಾತ್ರ ಎಳ್ಳಷ್ಟೂ ಅಳ್ಳಾಡವಲ್ದು. ಬರಿಗೈಲೆ ತಿರುವಿದೆ, ಅರಿವಿ ಸುತ್ತಿ ತಿರುವಿದೆ, ಪ್ಯಾಂಟಿನ ಬೆಲ್ಟ್ ಸುತ್ತಿ ಜಗ್ಗಿದೆ. ಬೆಲ್ಟ್ ಹರೀತು. ಅಂಗೈ ಕೆಂಪಗ ಆಗ್ಯಾವ.

ನಾಳೆ ಅವ್ವನ್ನ ಕರ್ಕೊಂಡು ಗದಗಕ್ಕ ಹೋಗಬೇಕು, ಮಾವನ ಮಗಳ ನಿಶ್ಚಯ ಕಾರ್ಯ. ಎಣ್ಣಿ ಇಲ್ಲದ ಗಾಡಿ ಗ್ಯಾರೇಜ್ ತನಕಾನೂ ಒಯ್ಯಾಕ ಬರೂದಿಲ್ಲ. ಅವ್ವ ಒಂದೇ ಸವನ ಬಾಗಲದಾಗ ನಿಂತು ನೋಡಾಕತ್ತಾಳ. ಯಾರರ ದಾರಿ ಹೇಳ್ರಿ.

ಮಿರ್ಚಿ ಭಜಿ · 9:58

ಬಸ್ಸಿಗೆ ಹೋಗ್ರಿ. ಹೊಸೂರ ಸರ್ಕಲ್‌ನ್ಯಾಗ ಅರ್ಧಾ ತಾಸಿಗೊಂದು ಸಿಗತಾವ. 😄

ಮಿರ್ಚಿ ಭಜಿ · 10:01

ಚ್ಯಾಷ್ಟಿ ಮಾಡಿದೆ ಅಣ್ಣಾ, ಸಿಟ್ಟ ಆಗಬ್ಯಾಡ. ನಮ್ಮ ದೋಸ್ತ ದೊಡ್ಡ ಸ್ಕ್ರೂಡ್ರೈವರ್ ತಗೊಂಡು ಫಿಲ್ಟರಿಗೆ ಆರಪಾರ ಹೊಡದು ತಿರುವಿದ್ದ. ಎರಡು ನಿಮಿಷದ ಕೆಲಸ.

ಕೇಶ್ವಾಪುರ ಕಾಕಾ · 10:07

ಸ್ಕ್ರೂಡ್ರೈವರ್ ಮಾತು ಈಗ ಬ್ಯಾಡ. ತಮ್ಮಾ, ಮೊದಲ ಎರಡು ಪ್ರಶ್ನಿ. ಒಂದು, ಗಾಡಿ ಯಾವುದರ ಮ್ಯಾಲೆ ನಿಂತೈತಿ? ಎರಡು, ನೀ ಯಾವ ಕಡೆ ತಿರುವಾಕತ್ತಿ?

ಉಣಕಲ್ ಹುಡುಗ · 10:10

ಗಾಡಿ ಜೋಡಿ ಬಂದ ಜಾಕ್ ಹಚ್ಚೀನ್ರಿ, ಮ್ಯಾಲೆ ಭದ್ರ ಇರಲಿ ಅಂತ ಎರಡು ಸಿಮೆಂಟ್ ಬ್ಲಾಕ್ ಇಟ್ಟೀನಿ. ತಿರುವೂದು ಎಡಕ್ಕರಿ. ಮ್ಯಾಲಿಂದ ಬಾನೆಟ್ ತಗದೂ ಒಮ್ಮೆ ಕೈ ಹಾಕಿ ನೋಡಿದೆ.

ಕೇಶ್ವಾಪುರ ಕಾಕಾ · 10:21

ಮೊದಲ ಗಾಡಿ ಕೆಳಗಿಂದ ಹೊರಗ ಬಾ. ಆಮ್ಯಾಲೆ ಓದು.

ನಾನು ಗದಗ ರೋಡಿನ ರೈಲ್ವೆ ವರ್ಕ್‌ಶಾಪ್‌ನ್ಯಾಗ ಫಿಟ್ಟರ್ ಇದ್ದವ. ಅಲ್ಲಿ ಮೊದಲನೇ ದಿನಾ ಕಲಿಸಿದ್ದು ಇದನ್ನ. ಜಾಕ್ ಎತ್ತಾಕ ಇರೂದು, ಹಿಡಕೊಂಡು ನಿಂದ್ರಾಕಲ್ಲ. ಸಿಮೆಂಟ್ ಬ್ಲಾಕ್ ಅಂತೂ ಜಾಕ್‌ಗಿಂತ ಕೆಟ್ಟದ್ದು. ಗ್ವಾಡಿಯೊಳಗ ಭಾರ ಎಲ್ಲಾ ಕಡೆ ಸಮ ಬೀಳತೈತಿ, ಅದಕ್ಕ ತಡೀತೈತಿ. ಗಾಡಿದು ಒಂದಽ ಚುಕ್ಕಿ ಮ್ಯಾಲೆ ಬೀಳತೈತಿ. ಸೀಳು ಬಿಡೂದಿಲ್ಲ, ಸಪ್ಪಳ ಮಾಡೂದಿಲ್ಲ, ಒಮ್ಮೆಲೆ ಪುಡಿ ಆಗತೈತಿ. ನೀ ಫಿಲ್ಟರ್ ಜಗ್ಗೂ ಹೊತ್ತಿನ್ಯಾಗ ಗಾಡಿ ಅಳ್ಳಾಡತೈತಿ ಅನ್ನೂದು ಗ್ಯಾನದಾಗಿರಲಿ. ಅಗಲಾದ ಕಟ್ಟಿಗಿ ದಿಮ್ಮಿ ಅಡ್ಡಡ್ಡ ಪೇರಿಸಿ ಕೊಡು, ಇಲ್ಲಾ ಓಣ್ಯಾಗ ಯಾರ ಕಡೆ ಆದ್ರೂ ಕಬ್ಬಣದ ಸ್ಟ್ಯಾಂಡ್ ಇಸ್ಕೊ. ಹಿಂದಿನ ಗಾಲಿಗೆ ಮುಂದ ಹಿಂದ ಕಲ್ಲು ಕೊಡು, ಹ್ಯಾಂಡ್ ಬ್ರೇಕ್ ಜಗ್ಗು.

ಇನ್ನ ದಿಕ್ಕು. ಕೆಳಗ ಅಂಗಾತ ಮಲಗಿ ಫಿಲ್ಟರಿನ ಕುಂಡಿ ನೋಡಾಕತ್ತಿದ್ರ ಗಡಿಯಾರದ ಉಲ್ಟಾ ತಿರುವಿದ್ರ ಬಿಚ್ಚತೈತಿ. ಮ್ಯಾಲಿಂದ ಕೈ ಇಳಿಬಿಟ್ಟು ತಿರುವಿದ್ರ ಅದಽ ತಿರುವು ಕಣ್ಣಿಗೆ ಗಡಿಯಾರದಂಗ ಕಾಣತೈತಿ. ‘ಎಡಕ್ಕ’ ಅನ್ನೂದು ಅಲ್ಲೇ ಮೋಸ ಮಾಡತೈತಿ. ನೀರಿನ ಬಾಟ್ಲಿ ಬುಡಮೇಲು ಹಿಡದು ಮುಚ್ಚಳ ಬಿಚ್ಚಿ ನೋಡು, ಕೈಗೆ ತಿಳೀತೈತಿ. ಮ್ಯಾಲಿಂದ ಹಾಕಿದ ಒಂದ್ ಹಿಡಿತದಾಗ ನೀನಽ ಇನ್ನೊಂಚೂರು ಬಿಗಿ ಮಾಡಿದ್ರೂ ಮಾಡಿರಬಹುದು.

ಉಣಕಲ್ ಹುಡುಗ · 10:26

ಅಯ್ಯ ಕಾಕಾ... ಬಾಟ್ಲಿ ಹಿಡದು ನೋಡಿದೆ. ಮ್ಯಾಲಿಂದ ಬಿಗೀನಽ ಮಾಡೀನಿ.

ಸಪ್ತಾಪುರ ಅಕ್ಕ · 10:34

ಹೋಗ್ಲಿ ಬಿಡ್ರಿ, ಎಲ್ಲಾರೂ ಒಮ್ಮೆ ಮಾಡಿದ ತಪ್ಪದು. ಆರು ವರ್ಷ ಆತು, ನನ್ನ ಗಾಡಿ ಆಯಿಲ್ ನಾನಽ ಬದಲಿ ಮಾಡ್ತೇನಿ. ಮುಂದಿನ ಸಲಕ್ಕ ಒಂದು ಮಾತು: ಎಣ್ಣಿ ಇಳಸೂಕಿಂತ ಮೊದಲ ಫಿಲ್ಟರ್ ಬಿಚ್ಚತದೋ ಇಲ್ಲೋ ಅಂತ ಒಂದು ಅರ್ಧಾ ಸುತ್ತು ನೋಡ್ರಿ. ಬಿಚ್ಚಲಿಲ್ಲಂದ್ರ ಹಂಗಽ ಬಿಗಿ ಮಾಡಿ ಗಾಡಿ ಹೊಡಕೊಂಡು ಗ್ಯಾರೇಜಿಗೆ ಹೋಗ್ಲಿಕ್ಕೆ ಬರ್ತದ. ಈಗ ನಿಮಗ ಆ ದಾರಿ ಇಲ್ಲ.

ಯಾರರ ‘ಎಂಜಿನ್ ಐದು ನಿಮಿಷ ಚಾಲೂ ಮಾಡಿ ಬಿಸಿ ಮಾಡ್ರಿ’ ಅಂತ ಹೇಳಿದ್ರ ಕೇಳಬ್ಯಾಡ್ರಿ. ಎಣ್ಣಿ ನಿಲ್ಲೂ ಚೇಂಬರ್ ಖಾಲಿ ಇದ್ದಾಗ ಅರ್ಧಾ ನಿಮಿಷಾನೂ ಚಾಲೂ ಮಾಡಬಾರದು, ಬೇರಿಂಗ್ ಹೋಗ್ತಾವ. ಬಿಸಿ ಬೇಕು ಖರೆ, ಬಿಸಿಗೆ ರಬ್ಬರ್ ರಿಂಗ್ ತುಸು ಮೆತ್ತಗಾಗಿ ಬಿಡ್ತದ. ಬಿಸಿನೀರಾಗ ದಪ್ಪ ಅರಿವಿ ಅದ್ದಿ ಹಿಂಡಿ ಫಿಲ್ಟರಿನ ಬುಡಕ್ಕ ಸುತ್ರಿ, ಆರಿದ್ಹಂಗ ಬದಲಿ ಮಾಡ್ರಿ. ಹತ್ತು ನಿಮಿಷ. ವೈರಿನ ಕನೆಕ್ಟರ್ ಮ್ಯಾಲೆ ನೀರು ಹೋಗದ್ಹಂಗ ನೋಡ್ಕೋರಿ.

ಆಮೇಲೆ ಫಿಲ್ಟರ್ ಮೈಮ್ಯಾಲಿನ ಎಣ್ಣಿ ಸೋಪಿನ ನೀರಿಲೆ ತೊಳದು ಒಣಗಿಸಿ, ಒರಟು ಪಾಲಿಶ್ ಪೇಪರ್ ಮುಖ ಒಳಗ ಮಾಡಿ ಸುತ್ತಿ, ಎರಡೂ ಕೈಲೆ ತಿರುವ್ರಿ. ನಿಮ್ಮ ಬೆಲ್ಟ್ ಹರದಿದ್ದು ಜೋರಿಗಲ್ಲ, ಜಾರಿಕಿಗೆ.

ಬ್ಯಾಡಗಿ 27 · 10:52

ನಮ್ಮದು ಟ್ರ್ಯಾಕ್ಟರ್ ಮಂದಿ. ಹೊಲದಾಗ ಯಾವ ಪಾನಾ ಸಿಗತೈತ್ರಿ? ನಾವು ಮಾಡೂದು ಹೇಳ್ತೀನಿ.

ಹಳೇ ಫ್ಯಾನ್ ಬೆಲ್ಟ್ ಇರತೈತಲ್ರಿ, ಅದನ್ನ ಕೊಯ್ದು ಒಂದೂವರಿ ಮೊಳದ ಪಟ್ಟಿ ಮಾಡೂದು. ಫಿಲ್ಟರಿಗೆ ಒಂದು ಸುತ್ತು ಹಾಕಿ, ಎರಡೂ ತುದಿ ಸೇರಿಸಿ ಒಂದು ಗಟ್ಟಿ ಕಬ್ಬಣ ಪೈಪಿಗೆ ಎರಡು ಮಡಿಕಿ ಸುತ್ತಿ ಹಿಡಿಯೂದು. ಈಗ ಪೈಪು ಬಿಚ್ಚೂ ದಿಕ್ಕಿಗೆ ಜಗ್ಗಿದ್ರ ಬೆಲ್ಟ್ ತನ್ನಷ್ಟಕ್ಕ ತಾನಽ ಬಿಗಿ ಆಗತೈತಿ. ಸುತ್ತು ಉಲ್ಟಾ ಹಾಕಿದ್ರ ಜಗ್ಗಿದಷ್ಟೂ ಸಡ್ಲಾಗಿ ಜಾರತೈತಿ, ಅಲ್ಲೇ ಎಲ್ಲಾರೂ ತಪ್ಪೂದು. ಸೈಕಲ್ ಚೈನ್‌ಲೆನೂ ಇದಽ ರೀತಿ ಆಗತೈತಿ, ಆದ್ರ ಚೈನು ತಗಡಿನ ಒಳಗ ಕಚ್ಚಿ ಕೂಡತೈತಿ. ಯಾವುದು ಮಾಡಿದ್ರೂ ಪಟ್ಟಿ ಫಿಲ್ಟರಿನ ಬುಡಕ್ಕ, ಎಂಜಿನ್ನಿಗೆ ಹತ್ತಿ ಇರಬೇಕು. ತುದಿಗೆ ಹಾಕಿದ್ರ ಡಬ್ಬಿ ಚಪ್ಪಟಿ ಆಗತೈತಿ ಹೊರ್ತು ತಿರುಗೂದಿಲ್ಲ.

ಗದಗ 26 · 11:05

ರವಿವಾರಂದ್ರೂ ಸ್ಪೇರ್ ಪಾರ್ಟ್ ಅಂಗಡಿ ಒಂದೆರಡು ತಗದಿರತಾವ, ಫೋನ್ ಮಾಡಿ ನೋಡ್ರಿ. ಕಪ್ ಕೇಳ್ರಿ, ಅಂದ್ರ ಫಿಲ್ಟರಿನ ತಳಕ್ಕ ಟೊಪಗಿ ಹಾಕಿದಂಗ ಕೂಡೂದು, ಹಿಂದ ರ‍್ಯಾಚೆಟ್ ಹಚ್ಚೂದು. ಅಳತಿ ಬಾಯಿಲೆ ಹೇಳಬ್ಯಾಡ್ರಿ, ಹೊಸಾ ಫಿಲ್ಟರ್ ಕೈಯಾಗ ಒಯ್ದು ಹಾಕಿ ನೋಡಿ ತಗೋರಿ. ಒಂದು ಎಂ.ಎಂ. ದೊಡ್ಡದಾದ್ರೂ ಮೂಲಿ ಮೂಲಿ ಸವದು ಗರಗರ ತಿರುಗತೈತಿ. ಕಪ್ಪಿಗೂ ಬರಲಿಲ್ಲಂದ್ರ ಮೂರು ಕಾಲಿಂದು ಸಿಗತೈತಿ, ಎಷ್ಟು ತಿರುವತೀರಿ ಅಷ್ಟು ಕಾಲು ಬಿಗಿ ಹಿಡೀತಾವ. ಸುತ್ತಲೂ ಜಾಗ ಇರಬೇಕು ಅಷ್ಟಽ.

ಉಣಕಲ್ ಹುಡುಗ · 11:40

ಬಿಸಿ ಅರಿವಿ ಹಾಕಿದೆ, ಪಾಲಿಶ್ ಪೇಪರ್ ಹಾಕಿದೆ. ಬರವಲ್ದು. ಎರಡು ಅಂಗಡಿಗೆ ಫೋನ್ ಮಾಡಿದೆ, ಬಂದ್. ಬಾಜೂ ಮನಿಯವರು ಮನಿ ಕಟ್ಟಾಕತ್ತಾರ, ಅವರ ಕಡೆಯಿಂದ ಸಾಗವಾನಿ ದಿಮ್ಮಿ ತಂದು ಗಾಡಿ ಕೆಳಗ ಕೊಟ್ಟೀನಿ ಕಾಕಾ, ಬ್ಲಾಕ್ ತಗದೆ. ತಗಿಯೂ ಮುಂದ ಒಂದರ ಮೂಲಿ ಕೈಯಾಗ ಬಂತು. ಮೈ ಝುಂ ಅಂತು.

ಹಳೇ ಹುಬ್ಬಳ್ಳಿ ಮಿಸ್ತ್ರಿ · 11:48

ಹಿಂದಿನ ಸಲ ಯಾರು ಹಾಕಿದ್ದು ಅಣ್ಣಾ?

ಉಣಕಲ್ ಹುಡುಗ · 11:51

ದೊಡ್ಡ ಸರ್ವೀಸ್ ಸೆಂಟರ್‌ನ್ಯಾಗ ಮಾಡಿಸಿದ್ದು. ಎರಡು ವರ್ಷದ ಮ್ಯಾಲಾತು. ನಡಕ ಒಮ್ಮೆ ಬದಲಿ ಮಾಡಬೇಕಾಗಿತ್ತು, ಮಾಡಸಲಿಲ್ಲ.

ಹಳೇ ಹುಬ್ಬಳ್ಳಿ ಮಿಸ್ತ್ರಿ · 12:03

ಹಂಗಾರ ಅರ್ಧಾ ತಪ್ಪು ಅವರದು, ಅರ್ಧಾ ನಿಮ್ಮದು.

ನಾನೂ ಗ್ಯಾರೇಜಿನವ, ಹೊಟ್ಟಿಪಾಡಿನ ಕತಿ ಹೇಳ್ತೀನಿ ಕೇಳ್ರಿ. ಫಿಲ್ಟರ್ ಕೈಲೆ ಬಿಗಿ ಮಾಡಿದ್ರ ಸಾಕು ಅಂತ ಎಲ್ಲಾ ಮಿಸ್ತ್ರಿಗೂ ಗೊತ್ತೈತಿ. ಆದ್ರ ದಿನಕ್ಕ ಹತ್ತು ಗಾಡಿ ಮಾಡೂ ಹುಡುಗನ ಕೈ ಎಣ್ಣಿ ಆಗಿರತೈತಿ, ಜಾರತೈತಿ, ಬಿಗಿ ಆತೋ ಇಲ್ಲೋ ಅಂತ ಅವಗ ಸಂಶೆ. ಒಂದು ಗಾಡಿ ಎಣ್ಣಿ ಸೋರಿ ಹೊಳ್ಳಿ ಬಂತಂದ್ರ ಗಿರಾಕಿ ಬೈತಾನ, ಮಾಲಕ ಪಗಾರ ಹಿಡೀತಾನ. ಬಿಗಿ ಜಾಸ್ತಿ ಆದ್ರ? ಯಾರೂ ಬೈಯೂದಿಲ್ಲ, ಮುಂದಿನ ಸಲ ಬಿಚ್ಚಾವ ಬ್ಯಾರೆ ಯಾರೋ. ಅದಕ್ಕ ಬಿಚ್ಚೂ ಪಾನಾದಿಂದಲೇ ಒಂದು ಏಟು ಬಿಗಿ ಕೊಟ್ಟು ಬಿಡ್ತಾನ. ನಾನೂ ಹುಡುಗ ಇದ್ದಾಗ ಕೊಟ್ಟೀನಿ, ಸುಳ್ಳ ಯಾಕ ಹೇಳಲಿ.

ಆಮ್ಯಾಲೆ ರಬ್ಬರ್ ರಿಂಗಿಗೆ ಎಣ್ಣಿ ಸವರದಽ ಒಣಗಿದ್ದು ಹಾಕಿದ್ರ ತಿರುಗುವಾಗ ರಿಂಗು ಹಿಡಕೊಂಡು ಮುರಕೊಳ್ಳತೈತಿ. ಮ್ಯಾಲೆ ಎರಡು ವರ್ಷ ಎಂಜಿನ್ ಬಿಸಿ ಆಗೂದು ಆರೂದು. ರಬ್ಬರ್ ಅಲ್ಲೇ ಬೆಂದು ಅಲ್ಯುಮಿನಿಯಂ ಮುಖಕ್ಕ ಅಂಟಿ ಬಿಡತೈತಿ. ಬೆಸಿಗಿ ಹಾಕಿದಂಗ.

ಸಪ್ತಾಪುರ ಅಕ್ಕ · 12:15

ಮಿಸ್ತ್ರಿ ಅಣ್ಣಾರ ಮಾತಿಗೆ ಒಂದು ಲೆಕ್ಕ ಸೇರಸ್ತೇನಿ. ಇಂಥಾ ಸಣ್ಣ ಫಿಲ್ಟರಿಗೆ ಬೇಕಾದ ಬಿಗಿ ಹೆಚ್ಚೂಕಮ್ಮಿ 15 ನ್ಯೂಟನ್ ಮೀಟರ್, ಅಂದ್ರ ತಿರುವೂ ಜೋರಿನ ಅಳತಿ. ಒಂದು ಅಡಿ ಉದ್ದದ ಪಾನಾಕ್ಕ ಗಟ್ಟಿಮುಟ್ಟ ಹುಡುಗ 20 ಕೆ.ಜಿ. ಭಾರ ಹಾಕಿದ್ರೂ ಸಾಕು, 60 ಆಗ್ತದ. ನಾಕು ಪಟ್ಟು. ಅದೂ ಅವನಿಗೆ ಜೋರು ಹಾಕಿದೆ ಅಂತ ಅನಿಸೂದೂ ಇಲ್ಲ.

ಮಿರ್ಚಿ ಭಜಿ · 12:20

ಲೆಕ್ಕ ಆಮ್ಯಾಲೆ. ಅಣ್ಣಾ, ಸ್ಕ್ರೂಡ್ರೈವರ್...

ಕೇಶ್ವಾಪುರ ಕಾಕಾ · 12:22

ಲೇ ಭಜಿ, ಸುಮ್ಮ ಕೂಡ್ತಿಯೋ ಇಲ್ಲೋ.

ಹಾವೇರಿಯವ, ಈಗ ಬೆಂಗಳೂರು · 12:40

ನಡುವೆ ಒಂದು ಪ್ರಶ್ನೆ, ಕ್ಷಮಿಸಿ. ನನ್ನದು 1.3 ಡೀಸೆಲ್ ಸ್ವಿಫ್ಟ್. ನೀವು ಹೇಳುವ ಡಬ್ಬಿಯಂಥ ಫಿಲ್ಟರ್ ನನ್ನ ಎಂಜಿನ್ನಿನಲ್ಲಿ ಕಾಣುವುದೇ ಇಲ್ಲ, ಮೇಲೆ ಕಪ್ಪು ಮುಚ್ಚಳ ಮಾತ್ರ ಇದೆ. ಇದಕ್ಕೂ ಇದೇ ಮಾತು ಅನ್ವಯಿಸುತ್ತದೆಯೇ?

ಹಳೇ ಹುಬ್ಬಳ್ಳಿ ಮಿಸ್ತ್ರಿ · 12:47

ಇಲ್ಲ ಸರ್ರ. ನಿಮ್ಮದರಾಗ ಬರೇ ಕಾಗದದ ಎಲಿಮೆಂಟ್ ಬದಲಿ ಆಗತೈತಿ, ಅದು ಕೂಡೂ ಮನಿ ಎಂಜಿನ್ನಿನ್ಯಾಗ ಹಂಗಽ ಇರತೈತಿ. ಮುಚ್ಚಳ ಪ್ಲಾಸ್ಟಿಕ್ಕು, ಬರೊಬ್ಬರಿ ಸಾಕೆಟ್ ಹಾಕೇ ಬಿಚ್ಚಬೇಕು. ಪಕ್ಕಡ, ಚೈನ್ ಹಚ್ಚಿದ್ರ ಸೀಳತೈತಿ. ಎಲಿಮೆಂಟ್ ಜೋಡಿ ಹೊಸಾ ಓ ರಿಂಗ್ ಬರತೈತಿ, ಅದನ್ನ ಹಾಕಾಕ ಮರೀಬ್ಯಾಡ್ರಿ.

ಉಣಕಲ್ ಹುಡುಗ · 1:25

ಕಾಕಾ, ಬೈಬ್ಯಾಡ್ರಿ. ಭಜಿ ಅಣ್ಣನ ಮಾತು ಕೇಳಿದೆ.

ಸ್ಕ್ರೂಡ್ರೈವರ್ ಇಟ್ಟು ಸುತ್ತಗಿಲೆ ಹೊಡದೆ. ಆರಪಾರ ಹೋತು. ಒಳಗ ಉಳದಿದ್ದ ಎಣ್ಣಿ ಮೊಣಕೈ ತನಕ ಇಳದು ಅಂಗಿ ಒಳಗ ಹೋತು. ಎರಡೂ ಕೈಲೆ ಜಗ್ಗಿದೆ, ಒಂದು ಗೇಣು ಬಂತು, ಬಿಚ್ಚಿತು ಅಂತ ಖುಷಿ ಆತು. ನೋಡಿದ್ರ ಫಿಲ್ಟರ್ ತಿರುಗಿಲ್ಲ, ತಗಡು ಹಪ್ಪಳದಂಗ ಹರದೈತಿ. ಎರಡನೇ ಸಲ ಜಗ್ಗಿದೆ, ಡಬ್ಬಿ ಪೂರಾ ಕಿತ್ತು ಕೈಗೆ ಬಂತು, ಒಳಗಿನ ಕಾಗದ, ಸ್ಪ್ರಿಂಗ್ ಎಲ್ಲಾ ಎದಿ ಮ್ಯಾಲೆ ಬಿದ್ದು. ಈಗ ಎಂಜಿನ್ನಿಗೆ ಒಂದು ದುಂಡನ ಕಬ್ಬಣದ ತಟ್ಟಿ ಅಂಟಿಕೊಂಡು ಕುಂತೈತಿ. ಹಿಡಿಯಾಕ ಏನೂ ಉಳದಿಲ್ಲ. ಫೋಟೋ ಹಾಕೀನಿ ನೋಡ್ರಿ.

ಮಿರ್ಚಿ ಭಜಿ · 1:27

🙏 ನಾ ಇವತ್ತು ಊಟಾ ಬಿಡ್ತೀನಿ ಅಣ್ಣಾ.

ಗದಗ 26 · 1:30

ನಮ್ಮೂರಿನ ಕಾರ್ಯಕ್ಕ ಬರೂ ಗಾಡಿ ಹಿಂಗಾತಲ್ರಿ. ಕಾಕಾ ಎಲ್ಲಿ?

ಕೇಶ್ವಾಪುರ ಕಾಕಾ · 1:44

ಊಟಕ್ಕ ಕುಂತಿದ್ದೆ. ಬೈಯೂದಿಲ್ಲ, ಬೈದ್ರ ತಟ್ಟಿ ಬಿಚ್ಚೂದಿಲ್ಲ. ಫೋಟೋ ನೋಡಿದೆ. ಕೆಟ್ಟಿಲ್ಲ, ಖರೆ ಹೇಳಬೇಕಂದ್ರ ಈಗ ದಾರಿ ಸರಳ ಆಗೈತಿ.

ಫಿಲ್ಟರಿನ ಡಬ್ಬಿ ತೆಳ್ಳನ ತಗಡು. ಅದರ ಕೆಲಸ ಎಣ್ಣಿ ಹಿಡಿಯೂದು ಅಷ್ಟಽ, ತಿರುವೂ ಜೋರು ತಡಿಯೂದಲ್ಲ. ಎಂಜಿನ್ನಿಗೆ ಕಚ್ಚಿಕೊಂಡಿರೂದು ನಿನ್ನ ಕಣ್ಣಮುಂದಿನ ದಪ್ಪ ತಟ್ಟಿ. ನಡುವ ಥ್ರೆಡ್ ಇರೂ ದೊಡ್ಡ ತೂತು, ಸುತ್ತಲೂ ಸಣ್ಣ ತೂತು. ಸಣ್ಣ ತೂತಿನಿಂದ ಎಣ್ಣಿ ಫಿಲ್ಟರಿನ ಒಳಗ ಬರತಿತ್ತು, ಕಾಗದ ದಾಟಿ ನಡಕಿನ ತೂತಿನಿಂದ ಎಂಜಿನ್ನಿಗೆ ಹೊಳ್ಳಿ ಹೋಗತಿತ್ತು. ಅಂದ್ರ ನಡಕಿನ ದಾರಿ ಸೀದಾ ಬೇರಿಂಗಿಗೆ. ಅದಕ್ಕ ಮೊಟ್ಟಮೊದಲ ಕೆಲಸ, ಸ್ವಚ್ಛ ಅರಿವಿ ಉಂಡಿ ಮಾಡಿ ಆ ನಡಕಿನ ತೂತಿಗೆ ತುರುಕು. ಕಬ್ಬಣದ ಒಂದು ಚೂರೂ ಒಳಗ ಹೋಗಬಾರದು. ಹಳದಿ, ಕೆಂಪು ಯಾವುದರೆ ಎದ್ದು ಕಾಣೂ ಅರಿವಿ ತಗೋ, ಆಮ್ಯಾಲೆ ತಗಿಯೂದು ಮರತೀ.

ಉಳದ ತಗಡು ತಗಡಿನ ಕತ್ತರಿಲೆ ಕತ್ತರಿಸಿ ತಗದು ಹಾಕು. ಕೈಗೆ ದಪ್ಪನ ಕೈಗವಸು ಹಾಕ್ಕೊ, ಆ ಅಂಚು ಬ್ಲೇಡ್ ಇದ್ದಂಗ.

ಈಗ ಚಾಣ, ಅಂದ್ರ ಕಬ್ಬಣ ಕಡಿಯೂ ಉಳಿ. ಅರ್ಧಾ ಇಂಚಿನ ಸಣ್ಣ ಚಾಣ, ಹರಿತ ಇದ್ದದ್ದು. ತಟ್ಟಿಯ ಹೊರಗಿನ ಅಂಚಿಗೆ ಮೊದಲ ನೆಟ್ಟಗ ಇಟ್ಟು ಒಂದು ಏಟು ಹೊಡಿ, ಒಂದು ಗಚ್ಚು ಬೀಳಬೇಕು. ಆಮ್ಯಾಲೆ ಅದಽ ಗಚ್ಚಿನ್ಯಾಗ ಚಾಣ ಓರೆ ಮಾಡಿ ಇಡು, ಬಿಚ್ಚೂ ದಿಕ್ಕಿಗೆ ತಟ್ಟಿಯನ್ನ ಸುತ್ತಲೂ ದೂಡಿದಂಗ ಹೊಡಿ. ಸಣ್ಣ ಸಣ್ಣ ಏಟು, ಟಣ್ ಟಣ್ ಅಂತ. ಒಂದು ದೊಡ್ಡ ಏಟಿಗಿಂತ ಇಪ್ಪತ್ತು ಸಣ್ಣ ಏಟು ಚಲೋ, ಯಾಕಂದ್ರ ನಡುಕಕ್ಕ ಅಂಟಿದ ರಬ್ಬರ್ ಬಿಡತೈತಿ. ಚಾಣದ ಮೂತಿ ಎಂದೂ ಎಂಜಿನ್ನಿನ ಮುಖದ ಕಡೆ ಹೋಗಬಾರದು. ಅದು ಅಲ್ಯುಮಿನಿಯಂ. ಅಲ್ಲಿ ಒಂದು ಗೀರು ಬಿದ್ರ ಯಾವ ಫಿಲ್ಟರ್ ಹಾಕಿದ್ರೂ ಸೋರತೈತಿ.

ಕಣ್ಣಿಗೆ ಚಷ್ಮಾ ಹಾಕ್ಕೊ. ನೀ ಕೆಳಗ ಮಲಗಿ ಮ್ಯಾಲೆ ಹೊಡಿಯಾಕತ್ತಿ, ಎಲ್ಲಾ ಮಾರಿ ಮ್ಯಾಲೇ ಬೀಳತೈತಿ.

ಹಳೇ ಹುಬ್ಬಳ್ಳಿ ಮಿಸ್ತ್ರಿ · 1:52

ಕಾಕಾ ಹೇಳಿದ್ದು ಅಗದಿ ಬರೊಬ್ಬರಿ. ಇನ್ನೊಂದು ದಾರಿ ಐತಿ. ಆ ಸಣ್ಣ ತೂತಿನ್ಯಾಗ ಎದರಾ ಬದರಾ ಎರಡು ಬೋಲ್ಟ್ ಇಳಿಸಿ ನಡುವ ಒಂದು ರಾಡ್ ಅಡ್ಡ ಹಾಕಿ ತಿರುವೂದು. ತೂತು ದೊಡ್ಡದಿದ್ರ ಆಗತೈತಿ. ಬೋಲ್ಟ್ ಭಾಳ ಉದ್ದ ಇರಬಾರದು, ಹಿಂದ ಎಂಜಿನ್ ಮುಖಕ್ಕ ತಾಗತೈತಿ.

ಉಣಕಲ್ ಹುಡುಗ · 1:55

ಚಾಣ ಇಲ್ಲರಿ ಮನ್ಯಾಗ. ಕಟ್ಟಿಗಿ ಕೆತ್ತೂ ಉಳಿ ಐತಿ, ಆಗತೈತೇನು?

ಕೇಶ್ವಾಪುರ ಕಾಕಾ · 1:57

ಆಗೂದಿಲ್ಲ, ಮೂತಿ ಮುರದು ಕಣ್ಣಿಗೆ ಹಾರತೈತಿ. ಮನಿ ಅಡ್ರೆಸ್ ಮೆಸೇಜ್ ಹಾಕೀನಿ, ಬೈಕ್ ತಗೊಂಡು ಬಾ. ಚಾಣ, ಅರ್ಧಾ ಕೆ.ಜಿ. ಸುತ್ತಗಿ, ಚಷ್ಮಾ ಮೂರೂ ಕೊಡ್ತೀನಿ. ಚಾಣ ಮೂವತ್ತೊಂದು ವರ್ಷದ್ದು, ಹೊಳ್ಳಿ ಬರಬೇಕು.

ಬ್ಯಾಡಗಿ 27 · 2:10

ಕಾಕಾ, ನಿಮ್ಮಂಥಾವರು ನಮ್ಮೂರಾಗ ಒಬ್ಬರು ಇದ್ದಿದ್ರ ನಾ ಎರಡು ಟ್ರ್ಯಾಕ್ಟರ್ ಫಿಲ್ಟರ್ ಕಮ್ಮಿ ಹರೀತಿದ್ದೆ.

ಉಣಕಲ್ ಹುಡುಗ · ಸಂಜಿ 4:35

ಬಂತು!!!

ಪೂರಾ ಹೇಳ್ತೀನಿ. ಕಾಕಾ ಚಾ ಕುಡಿಸಿ, ಒಂದು ಹಳೇ ಪ್ಲೇಟಿನ ಮ್ಯಾಲೆ ಚಾಣ ಹೆಂಗ ಓರೆ ಹಿಡಿಬೇಕು ಅಂತ ತೋರಿಸಿ ಕಳಿಸಿದ್ರು. ನಡಕಿನ ತೂತಿಗೆ ಅವ್ವನ ಹಳೇ ಹಳದಿ ಕುಬಸದ ತುಂಡು ತುರುಕಿದೆ. ಮೊದಲನೇ ಏಟಿಗೆ ಗಚ್ಚು ಬಿತ್ತು. ಆಮ್ಯಾಲೆ ಓರೆ ಮಾಡಿ ಹೊಡಕೋತ ಹೋದೆ. ಎಂಟು, ಹತ್ತು, ಹನ್ನೆರಡು, ಏನೂ ಇಲ್ಲ. ಗಚ್ಚು ಅಗಲ ಆಗಾಕತ್ತು, ಜಾಗಾ ಬದಲಿ ಮಾಡಿ ಇನ್ನೊಂದು ಗಚ್ಚು ಹಾಕಿದೆ. ಅಲ್ಲಿ ಐದನೇ ಏಟಿಗೆ ಸಪ್ಪಳ ಬದಲಾತು. ಅಲ್ಲಿ ತನಕ ಟಣ್ ಅಂತಿದ್ದದ್ದು ಟಪ್ ಅಂತು. ಸ್ಕೆಚ್ ಪೆನ್ನಿಲೆ ತಟ್ಟಿ ಮ್ಯಾಲೆ, ಎಂಜಿನ್ ಮ್ಯಾಲೆ ಸೇರಿಸಿ ಒಂದು ಗೆರಿ ಎಳದಿದ್ದೆ. ಗೆರಿ ಒಂದು ಅಕ್ಕಿಕಾಳಷ್ಟು ಸರದಿತ್ತು. ಆ ಅಕ್ಕಿಕಾಳು ನೋಡಿ ಕೆಳಗ ಮಲಗಿದ್ದಲ್ಲೇ ಒದರಿದೆ, ಅವ್ವ ಗಾಡಿ ಬಿತ್ತು ಅಂತ ಓಡಿ ಬಂದ್ಲು.

ಇನ್ನ ನಾಕು ಏಟಿಗೆ ಬಟ್ಟಿಲೆ ತಿರುಗಾಕತ್ತು.

ಕೇಶ್ವಾಪುರ ಕಾಕಾ · 4:41

ಶಾಣ್ಯಾ. ಗೆರಿ ಎಳದದ್ದು ನಾ ಹೇಳಿರಲಿಲ್ಲ, ಅದು ನಿನ್ನ ತಲಿ.

ಸಪ್ತಾಪುರ ಅಕ್ಕ · 4:43

ಅಭಿನಂದನೆ! ಆದ್ರ ನಿಂದರ್ರಿ. ತಟ್ಟಿಯೊಳಗ ಕರೇ ರಬ್ಬರ್ ರಿಂಗ್ ಅದ ಏನು? ನೋಡಿ ಹೇಳ್ರಿ. ಹೊಸಾದು ಹಾಕೂಕಿಂತ ಮೊದಲ ನೋಡ್ರಿ.

ಉಣಕಲ್ ಹುಡುಗ · 4:50

ಇಲ್ಲ! ಎಂಜಿನ್ನಿಗೇ ಅಂಟಿಕೊಂಡೈತಿ ಅಕ್ಕಾರ. ಎಂಜಿನ್ ಬಣ್ಣದ ಜೋಡಿ ಕೂಡಿ ಹೋಗಿತ್ತು, ನೀವು ಹೇಳದಿದ್ರ ಕಾಣಿಸ್ತಿರಲಿಲ್ಲ. ಉಗುರಿಲೆ ಕೆರದೆ, ಚೂರು ಚೂರಾಗಿ ಬಂತು, ರಬ್ಬರ್ ಹೋಗಿ ಬಳಪದಂಗ ಗಟ್ಟಿ ಆಗೈತಿ.

ಸಪ್ತಾಪುರ ಅಕ್ಕ · 5:02

ಅದಕ್ಕಽ ಕೇಳಿದ್ದು. ನನ್ನ ಎರಡನೇ ಸಲದ ಕತಿ ಇದು. ಹಳೇ ರಿಂಗ್ ಎಂಜಿನ್ನಿಗೆ ಉಳದಿತ್ತು, ನೋಡಲಿಲ್ಲ, ಅದರ ಮ್ಯಾಲೇ ಹೊಸಾ ಫಿಲ್ಟರ್ ಹಾಕಿದೆ. ಎರಡು ರಿಂಗ್ ಒಂದರ ಮ್ಯಾಲೊಂದು. ಮನಿ ಮುಂದ ಚಾಲೂ ಮಾಡಿದಾಗ ಒಂದು ಹನೀನೂ ಸೋರಲಿಲ್ಲ. ಬೆಳಗಾವಿ ರೋಡ್ ಹಿಡದು ನರೇಂದ್ರ ದಾಟೂದರಾಗ ಎಣ್ಣಿ ಒತ್ತಡದ ಕೆಂಪು ದೀಪ ಹತ್ತಿತು. ಇಳದು ನೋಡಿದ್ರ ಹಿಂದ ರೋಡಿನ ಮ್ಯಾಲೆ ಉದ್ದಕ್ಕೂ ಕರೇ ಗೆರಿ. ಎಂಜಿನ್ ಆಗಿಂದಾಗ ಬಂದ್ ಮಾಡಿದ್ದಕ್ಕ ಉಳೀತು. ಒತ್ತಡ ಬಂದಾಗ ಮ್ಯಾಲಿನ ರಿಂಗ್ ಜರದು ಹೊರಗ ಬಂದುಬಿಡ್ತದ.

ಪ್ಲಾಸ್ಟಿಕ್ ಕಾರ್ಡಿಲೆ, ಹಳೇ ಎ.ಟಿ.ಎಂ. ಕಾರ್ಡ್ ಇದ್ರ ಬೆಸ್ಟು, ಆ ಮುಖ ಪೂರಾ ಕೆರೀರಿ. ಸ್ಟೀಲ್ ಬ್ಲೇಡ್ ಬ್ಯಾಡ. ಬೆಳ್ಳನ ಅರಿವಿಲೆ ಒರಸಿದ್ರ ಕರೇ ಚೂರು ಬರಬಾರದು. ಹಂಗಽ ನಿಪ್ಪಲ್, ಅಂದ್ರ ಫಿಲ್ಟರ್ ಏರೂ ಥ್ರೆಡ್ಡಿನ ನಳಿಗಿ, ನೋಡ್ರಿ, ಚಾಣದ ಏಟಿಗೆ ಅದೂ ಸಡ್ಲ ಆಗಿರತದ ಒಮ್ಮೊಮ್ಮೆ. ಆಮೇಲೆ ಅವ್ವನ ಕುಬಸ ತಗೀಲಿಕ್ಕೆ ಮರೀಬ್ಯಾಡ್ರಿ.

ಹಳೇ ಹುಬ್ಬಳ್ಳಿ ಮಿಸ್ತ್ರಿ · 5:10

ಹೊಸಾ ಫಿಲ್ಟರ್ ಯಾವುದು ತಂದೀರಿ? ನಂಬರ್ ನೋಡ್ರಿ. ಮಾರುತಿದು ಥ್ರೆಡ್ 20 ಎಂ.ಎಂ., ಪಿಚ್ (ಥ್ರೆಡ್ಡಿನ ಎರಡು ಸುತ್ತಿನ ನಡುವಿನ ಅಂತರ) ಒಂದೂವರಿ. ಬ್ಯಾರೆ ಭಾಳ ಗಾಡಿಗೆ ಮುಕ್ಕಾಲು ಇಂಚಿಂದು ಬರತೈತಿ, ಅಂದ್ರ 19 ಎಂ.ಎಂ. ಸಮೀಪ. ಹೊರಗಿಂದ ಎರಡೂ ಅಣ್ಣತಮ್ಮ ಇದ್ದಂಗ. 20ರ ಫಿಲ್ಟರ್ ಮುಕ್ಕಾಲು ಇಂಚಿನ ನಿಪ್ಪಲ್‌ಗೆ ಸಡ್ಲಾಗಿ ಏರಿ ಕೂಡತೈತಿ, ಹಾಕಾವಗ ಗೊತ್ತಾಗೂದಿಲ್ಲ, ಹಾದ್ಯಾಗ ಕೈ ಕೊಡತೈತಿ. ನಿಮ್ಮದಕ್ಕ ಉಲ್ಟಾ ತಂದಿದ್ರ ಏರೂದಽ ಇಲ್ಲ. ಜೋರಿಲೆ ಏರಸಬ್ಯಾಡ್ರಿ ಅಷ್ಟಽ.

ಉಣಕಲ್ ಹುಡುಗ · 5:14

ಕಂಪನಿ ನಂಬರ್ ನೋಡೇ ತಂದೀನ್ರಿ. ಕುಬಸ ತಗದೆ 😄 ನಿಪ್ಪಲ್ ಗಟ್ಟಿ ಐತಿ. ಈಗ ಎಷ್ಟು ಬಿಗಿ?

ಸಪ್ತಾಪುರ ಅಕ್ಕ · 5:20

ಹೊಸಾ ರಿಂಗಿಗೆ ಬೆರಳಿಲೆ ಹೊಸಾ ಎಣ್ಣಿ ಸವರ್ರಿ. ಕೈಲೆ ತಿರುವಿ ಏರಸ್ರಿ. ರಿಂಗ್ ಎಂಜಿನ್ ಮುಖ ಮುಟ್ಟಿದ್ದು ಕೈಗೆ ತಿಳೀತದ, ತುಸು ಭಾರ ಆಗತದ. ಅಲ್ಲಿಂದ ಮುಕ್ಕಾಲು ಸುತ್ತು. ಡಬ್ಬಿ ಮ್ಯಾಲೆ ಅಥವಾ ಪೆಟ್ಟಿಗಿ ಮ್ಯಾಲೆ ಬರದಿರತದ, ಅದನ್ನೂ ನೋಡ್ರಿ. ನಿಮ್ಮ ಸ್ಕೆಚ್ ಪೆನ್ ಗೆರಿ ಇಲ್ಲೂ ಎಳೀರಿ, ಮುಕ್ಕಾಲು ಅಂದಾಜು ಹಾಕೂದು ಬ್ಯಾಡ.

ಮಿರ್ಚಿ ಭಜಿ · 5:24

ಪಾನಾದಿಂದ ಒಂದು ಏಟು?

ಹಳೇ ಹುಬ್ಬಳ್ಳಿ ಮಿಸ್ತ್ರಿ · 5:25

ಭಜಿ, ನಿನ್ನ ಗ್ಯಾರೇಜಿಗೆ ಇಟ್ಕೋತೀನಿ ಬಾ. ಮೊದಲನೇ ತಿಂಗಳು ಬರೇ ಗಾಡಿ ತೊಳಿಯೂದು.

ಕೇಶ್ವಾಪುರ ಕಾಕಾ · 5:33

ಡ್ರೇನ್ ಬೋಲ್ಟಿನ ವಾಷರ್ ಹೊಸಾದು ಹಾಕು. ಎಣ್ಣಿ ಸುಮಾರು ಮೂರು ಲೀಟರ್ ಹತ್ತಿರ ಹಿಡೀತೈತಿ, ಒಮ್ಮೆಲೆ ಸುರವಿ ಬಿಡಬ್ಯಾಡ. ಎರಡೂವರಿ ಹಾಕಿ ಎಣ್ಣಿ ಅಳಿಯೂ ಕಡ್ಡಿ ನೋಡು, ಆಮ್ಯಾಲೆ ತುಸು ತುಸು. ಚಾಲೂ ಮಾಡಿದಾಗ ಕೆಂಪು ದೀಪ ಎರಡು ಮೂರು ಸೆಕೆಂಡು ಜಾಸ್ತಿ ನಿಂತರ ಹೆದರಬ್ಯಾಡ, ಖಾಲಿ ಫಿಲ್ಟರ್ ತುಂಬಬೇಕಲ್ಲ. ಅದಕ್ಕ ಮೀರಿ ನಿಂತರ ಬಂದ್ ಮಾಡು. ರೇಸ್ ಮಾಡಬ್ಯಾಡ. ಐದು ನಿಮಿಷ ನಡಿಯಲಿ, ಬ್ಯಾಟರಿ ಹಿಡದು ಫಿಲ್ಟರಿನ ಬುಡ ನೋಡು. ಬಂದ್ ಮಾಡಿ ಐದು ನಿಮಿಷ ಬಿಟ್ಟು ಕಡ್ಡಿ ಮತ್ತೊಮ್ಮೆ ನೋಡು.

ಉಣಕಲ್ ಹುಡುಗ · ರಾತ್ರಿ 7:15

ಆತು. ದೀಪ ಮೂರು ಎಣಿಸೂದರಾಗ ಹೋತು. ಒಂದು ಹನಿ ಇಲ್ಲ. ಆದ್ರ ಕೈ ನೋಡ್ರಿ, ಕರ‍್ರಗ. ಮೂರು ಸಲ ಸೋಪು ಹಚ್ಚಿದೆ. ಮತ್ತ ಈ ಹಳೇ ಎಣ್ಣಿ ಏನು ಮಾಡ್ಲಿ? ಬಾಜೂದವರು ಗಟಾರಕ್ಕ ಹಾಕು ಅಂತಾರ.

ಬ್ಯಾಡಗಿ 27 · 7:20

ನಮಗ ಕೊಡ್ರಿ! ಬೇಲಿ ಗೂಟದ ಬುಡಕ್ಕ ಸವರತೀವಿ, ಗೆದ್ದಲ ಹತ್ತೂದಿಲ್ಲ.

ಸಪ್ತಾಪುರ ಅಕ್ಕ · 7:31

ಗಟಾರ ಬ್ಯಾಡ ರೀ, ನಿಮ್ಮ ಗಟಾರ ಹೋಗೂದು ಎಲ್ಲಿಗಂತ ನಿಮಗಽ ಗೊತ್ತದ, ಉಣಕಲ್ ಕೆರಿಗೆ. ಗೂಟಕ್ಕ ಸವರೂದೂ ಚಲೋ ಅಲ್ಲ ಅಣ್ಣಾರ, ಮಳಿಗೆ ತೊಳದು ಅದಽ ಮಣ್ಣಿಗೆ ಇಳೀತದ, ಅಲ್ಲೇ ನಿಮ್ಮ ಮೆಣಸಿನಗಿಡ. ಡಬ್ಬ್ಯಾಗ ತುಂಬಿ ಗ್ಯಾರೇಜಿಗೆ ಕೊಡ್ರಿ. ಅವರ ಕಡೆಯಿಂದ ಹಳೇ ಎಣ್ಣಿ ಒಯ್ಯವರು ಬರ್ತಾರ.

ಕೈಗೆ: ಒಣಾ ಕೈಗೇ ಮೊದಲ ಅಡಗಿ ಎಣ್ಣಿ ಹಚ್ಚಿ ತಿಕ್ಕಿ, ಕಟ್ಟಿಗಿ ಹೊಟ್ಟಿಲೆ ಒರಸಿ, ಆಮೇಲೆ ಸೋಪು. ಪೆಟ್ರೋಲಿಲೆ ತೊಳೀಬ್ಯಾಡ್ರಿ. ಓಡಿದ ಎಣ್ಣಿ ಮೈಗೆ ಪದೇ ಪದೇ ಹತ್ತೂದು ಚರ್ಮಕ್ಕ ಕೆಟ್ಟದ್ದು, ಕ್ಯಾನ್ಸರಿನ ಭಯಾನೂ ಅದ. ಮುಂದಿನ ಸಲ ಕೈಗವಸು ಹಾಕ್ಕೋರಿ. ಎಣ್ಣಿ ಹತ್ತಿದ ಒರಸೂ ಅರಿವಿ ಅಂಗಿ ಕಿಸೆದಾಗ ಇಟ್ಕೊಂಡು ತಿರುಗೂದೂ ಬ್ಯಾಡ.

ಹಳೇ ಹುಬ್ಬಳ್ಳಿ ಮಿಸ್ತ್ರಿ · 7:40

ನನ್ನ ಕಡೆ ತಂದು ಕೊಡ್ರಿ, ಡ್ರಮ್ ಐತಿ. ಹರದ ಫಿಲ್ಟರೂ ತರ್ರಿ. ಹುಡುಗರಿಗೆ ತೋರಸ್ತೀನಿ.

ಉಣಕಲ್ ಹುಡುಗ · ಸೋಮವಾರ, ಮಧ್ಯಾಹ್ನ 2:20

ಗದಗಿನಿಂದ ಬರಿಯಾಕತ್ತೀನಿ. ಅಣ್ಣಿಗೇರಿ ಹತ್ರ ಒಮ್ಮೆ ನಿಂದರಿಸಿ ಕೆಳಗ ಬಗ್ಗಿ ನೋಡಿದೆ, ಒಣಾ ಇತ್ತು. ಬೆಟಗೇರಿಯೊಳಗ ಮಾವನ ಮನಿ ಮುಂದ ಗಾಡಿ ಹಚ್ಚಿ, ಕೆಳಗ ಒಂದು ರಟ್ಟು ಹಾಸಿ ಒಳಗ ಹೋದೆ. ಊಟಾ ಮಾಡಿ ಬಂದು ನೋಡಿದ್ರ ರಟ್ಟಿನ ಮ್ಯಾಲೆ ಒದ್ದಿ! ಎದಿ ಧಸಕ್ ಅಂತು. ಹೊಸಾ ಅಂಗಿ ಮ್ಯಾಲೇ ಮಲಗಿ ಬೆರಳಿಲೆ ಮುಟ್ಟಿ ಮೂಸಿ ನೋಡಿದೆ. ನೀರು. ಎ.ಸಿ.ದು.

ಬೀಗರೆಲ್ಲಾ ಕಟ್ಟಿ ಮ್ಯಾಲೆ ಕುಂತು ನೋಡಾಕತ್ತಿದ್ರು. ಹುಡುಗ ಗಾಡಿ ಕೆಲಸಾ ಕಲ್ತಾನ ಅಂತ ಮಾವ ಅವರಿಗೆ ಹೇಳಿದ.

ಗದಗ 26 · 2:26

ಬೆಟಗೇರ್ಯಾಗ ಅದೀರೇನು? ಚಾಕ್ಕ ಬರ್ರಿ.

ಕೇಶ್ವಾಪುರ ಕಾಕಾ · 2:31

ಚಾ ಕುಡದು ಬಾ, ಅವಸರ ಇಲ್ಲ. ಬರೂ ಮುಂದ ಚಾಣ ತಗೊಂಡು ಬಾ. ಮೂತಿ ಮೊಂಡ ಆಗಿದ್ರ ಹಂಗಽ ತಾ, ಗ್ರೈಂಡರ್‌ಗೆ ಹಿಡಿಯೂದು ಹೆಂಗ ಅಂತ ತೋರಸ್ತೀನಿ.